ಮೈಮರೆವೋ, ಮೈತಿಳಿವೋ?

“ಶುಕ್ರವಾರ ಸಂಜೆ ನನ್ನೊಂದಿಗೆ ಬನ್ನಿ ಫಾದರ್. ಆದರೆ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಕುಳಿತುಕೊಳ್ಳಲು ಕುರ್ಚಿಗಳಿರುವುದಿಲ್ಲ” ಎಂದು ಆ ಹಿರಿಯರು ನಕ್ಕರು.

ಕೆಲವು ವರ್ಷಗಳ ಹಿಂದಿನ ಮಾತು. ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದ ಧರ್ಮಕೇಂದ್ರವೊಂದರಲ್ಲಿ, ರಜೆಯ ಮೇಲೆ ತೆರಳಿದ್ದ ಗುರುಗಳ ಬದಲಿಗೆ ಒಂದು ಬೇಸಿಗೆಯ ಕಾಲ ಸೇವೆ ಸಲ್ಲಿಸುವ ಅವಕಾಶ ನನಗೆ ದೊರೆತಿತ್ತು. ಈ ಹಿರಿಯರು ಆ ಧರ್ಮಕೇಂದ್ರದವರು. ಆಫ್ರಿಕನ್-ಅಮೆರಿಕನ್ ಕುಟುಂಬದಲ್ಲಿ ಹುಟ್ಟಿ, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎಪ್ಪತ್ತು ದಾಟಿತ್ತು, ಒಂದು ಮೊಣಕಾಲು ನೋವು. ಪ್ರತಿ ಭಾನುವಾರ ದೇವಾಲಯದ ಬಾಗಿಲಲ್ಲಿ ನಿಂತು ಬಂದವರ ಕೈಕುಲುಕಿ, ವಯಸ್ಸಾದವರಿಗೆ, ಕೈಮಕ್ಕಳ ತಾಯಂದಿರಿಗೆ ಜಾಗ ಹುಡುಕಿ ಕೂರಿಸುವುದು ಅವರು ತಾವಾಗಿಯೇ ವಹಿಸಿಕೊಂಡಿದ್ದ ಸೇವೆ. ಮಾತು ಕಡಿಮೆ. ಆದರೆ ಫಂಕ್ ಸಂಗೀತದ ಸುದ್ದಿ ಬಂದರೆ ಅವರ ಮುಖವೇ ಬದಲಾಗುತ್ತಿತ್ತು. ಹದಿಹರೆಯದಲ್ಲಿ ಜೇಮ್ಸ್ ಬ್ರೌನ್ ಎಂಬ ಗಾಯಕನನ್ನು ಕಣ್ಣಾರೆ ಕಂಡ ದಿನದಿಂದ ತಾವು ಹೋದ ಕಚೇರಿಗಳ ಟಿಕೆಟುಗಳನ್ನೆಲ್ಲ ಅವರು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು.

“ಸಂಗೀತ ಕೇಳಲು ಹೋದವರು ನಿಂತೇ ಇರಬೇಕೇ?” ಎಂದು ಕೇಳಿದೆ.

“ಫಂಕ್ ಅನ್ನು ಕುಳಿತು ಕೇಳುವುದು ಹೇಗೆ ಫಾದರ್? ಅದು ಕಿವಿಗಿಂತ ಮೊದಲು ಕಾಲಿಗೆ ತಲಪುತ್ತದೆ” ಎಂದರು.

ಹೋಗಲು ನನಗೆ ಹಿಂಜರಿಕೆಯಿತ್ತು. ಗುರುಮಠದಲ್ಲಿ ನಾವು ಕಲಿತ ಸಂಗೀತವೆಂದರೆ ಗ್ರೆಗೋರಿಯನ್ ಗಾನ, ಹಾರ್ಮೋನಿಯಂ ಜೊತೆಗಿನ ಕನ್ನಡ ಭಕ್ತಿಗೀತೆಗಳು. ಶ್ರುತಿ ಬಿಡದೆ ಹಾಡುವುದರಷ್ಟೇ ಅಲುಗಾಡದೆ ನಿಲ್ಲುವುದೂ ಅಲ್ಲಿ ಒಂದು ಗುಣವಾಗಿತ್ತು. ಮನಸ್ಸನ್ನು ಮೇಲಕ್ಕೆತ್ತುವ ಸಂಗೀತ ಉತ್ತಮ, ಮೈಯನ್ನು ಕುಣಿಸುವ ಸಂಗೀತ ಕೀಳು ಎಂಬುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಾವೆಲ್ಲರೂ ನಂಬಿದ್ದ ಪಾಠ. ಅದರ ಬೆನ್ನಿಗೆ ಇನ್ನೊಂದು ಅಂಜಿಕೆ: ಸಾವಿರಾರು ಜನರ ಗದ್ದಲದಲ್ಲಿ ಮೈಮರೆತು ಕುಣಿಯುವಾಗ ಮನುಷ್ಯನ ವಿವೇಕಕ್ಕೆ ಏನಾಗುತ್ತದೆ? ಅವನು ತನ್ನನ್ನು ಕಂಡುಕೊಳ್ಳುತ್ತಾನೆಯೇ, ಕಳೆದುಕೊಳ್ಳುತ್ತಾನೆಯೇ?

ಈ ಪ್ರಶ್ನೆಯನ್ನು ನಮ್ಮ ಭಾಷೆಯೇ ನಮ್ಮೆದುರು ಇಟ್ಟಿದೆ. ಕನ್ನಡದಲ್ಲಿ ‘ಮೈಮರೆಯುವುದು’ ಎಂಬ ಮಾತಿದೆ. ‘ಮೈತಿಳಿದು ಏಳುವುದು’ ಎಂಬ ಮಾತೂ ಇದೆ. ಮೊದಲನೆಯದು ಎಚ್ಚರ ತಪ್ಪುವುದು, ಎರಡನೆಯದು ಎಚ್ಚರಗೊಳ್ಳುವುದು. ಹೊರಗಿನಿಂದ ನೋಡುವವನಿಗೆ ಇವೆರಡೂ ಕೆಲವೊಮ್ಮೆ ಒಂದೇ ಬಗೆಯಾಗಿ ಕಾಣುತ್ತವೆ. ನನಗೂ ಹಾಗೆಯೇ ಕಂಡಿದ್ದವು.

ಬೆವರಿನ ಹೆಸರಿನ ಸಂಗೀತ

‘ಫಂಕ್’ ಎಂಬ ಇಂಗ್ಲಿಷ್ ಪದಕ್ಕೆ ಹಿಂದಿನಿಂದ ಇದ್ದ ಅರ್ಥ ಗಾಢವಾದ ವಾಸನೆ, ಅದರಲ್ಲಿಯೂ ಮೈಬೆವರಿನ ವಾಸನೆ. ಸಭ್ಯರು ಮೂಗು ಮುಚ್ಚಿಕೊಳ್ಳುವ ಆ ಪದವನ್ನೇ ಕಪ್ಪು ಸಂಗೀತಗಾರರು ಹೆಮ್ಮೆಯಿಂದ ಎತ್ತಿಕೊಂಡು, ಮಣ್ಣಿನ ಗುಣವುಳ್ಳ, ಸೋಗಿಲ್ಲದ ಸಂಗೀತಕ್ಕೆ ಇಟ್ಟರು. ಈ ಬಗೆಯ ಮೊದಲ ಧ್ವನಿಮುದ್ರಣಗಳಲ್ಲಿ ಒಂದೆಂದು ಹೇಳಲಾಗುವ, ಜೇಮ್ಸ್ ಬ್ರೌನ್ 1967ರಲ್ಲಿ ಹಾಡಿದ ಹಾಡಿನ ಹೆಸರೇ ‘ಕೋಲ್ಡ್ ಸ್ವೆಟ್’, ಅಂದರೆ ತಣ್ಣನೆಯ ಬೆವರು. ಅದು ಮುದ್ರಣಗೊಂಡದ್ದು ಇದೇ ಸಿನ್ಸಿನಾಟಿ ನಗರದ ಕಿಂಗ್ ರೆಕಾರ್ಡ್ಸ್ ಸಂಸ್ಥೆಯ ಸ್ಟುಡಿಯೊದಲ್ಲಿ.

ಈ ಸಂಗೀತದ ರಚನೆ ಗಮನಾರ್ಹವಾದುದು. ಸಾಮಾನ್ಯವಾಗಿ ಹಾಡೊಂದರಲ್ಲಿ ರಾಗ ಮುಂದೆ, ತಾಳ ಹಿಂದೆ. ಇಲ್ಲಿ ಎಲ್ಲ ವಾದ್ಯಗಳೂ ಡ್ರಮ್ಮಿನಂತೆ ನುಡಿಯುತ್ತವೆ. ಗಿಟಾರ್ ಒಂದು ಚೂರು ಗೀಚಿ ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಬೇಸ್ ಎರಡು ಮಾತಾಡುತ್ತದೆ. ಅದರ ಸಂದಿನಲ್ಲಿ ತುತ್ತೂರಿ, ಸ್ಯಾಕ್ಸೊಫೋನುಗಳು ಚುಟುಕಾಗಿ ಕೂಗಿ ಹಿಂದೆ ಸರಿಯುತ್ತವೆ. ಒಬ್ಬೊಬ್ಬರ ಪಾಲೂ ಕೇಳಿದರೆ ಅತ್ಯಲ್ಪ. ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಾಗ ಮಾತ್ರ ಅದು ಸಂಗೀತವಾಗುತ್ತದೆ. ಆದ್ದರಿಂದ ನುಡಿಸುವುದಷ್ಟೇ ಮುಖ್ಯವಾದುದು, ಇನ್ನೊಬ್ಬನಿಗೆ ಜಾಗ ಬಿಟ್ಟು ಸುಮ್ಮನಿರುವುದು.

ಹೀಗೆ ಚದುರಿದ ಚೂರುಗಳೆಲ್ಲ ಬಂದು ಸೇರುವ ಒಂದು ಸ್ಥಳವಿದೆ. ನಾಲ್ಕು ಎಣಿಕೆಯ ಆವರ್ತದ ಮೊದಲ ಪೆಟ್ಟು. ಅದಕ್ಕೆ ಫಂಕ್ ಕಲಾವಿದರು ‘ದ ವನ್’, ಎಂದರೆ ‘ಒಂದು’ ಎಂದೇ ಹೆಸರಿಟ್ಟಿದ್ದಾರೆ. ಅದಕ್ಕೂ ಮುಂಚಿನ ಕಪ್ಪು ಜನರ ಜನಪ್ರಿಯ ಸಂಗೀತದಲ್ಲಿ ಒತ್ತು ಎರಡನೆಯ ಮತ್ತು ನಾಲ್ಕನೆಯ ಎಣಿಕೆಯ ಮೇಲೆ ಬೀಳುತ್ತಿತ್ತು. ಬ್ರೌನ್ ಅದನ್ನು ಮೊದಲನೆಯದಕ್ಕೆ ತಂದರು. ನಮ್ಮಲ್ಲಿ ತಬಲಾ ವಾದಕನು ಎಷ್ಟು ದೂರ ಅಲೆದಾಡಿದರೂ ಕೊನೆಗೆ ‘ಸಮ’ಕ್ಕೆ ಬಂದು ಸೇರಿದಾಗ ಸಭೆಯೆಲ್ಲ ತಲೆದೂಗುವುದಿಲ್ಲವೇ? ಹಾಗೆಯೇ ಇದು.

ಆ ಸಂಜೆ

ಸಭಾಂಗಣ ದೊಡ್ಡದೇನಲ್ಲ. ಆ ಪ್ರಾಂತ್ಯದ ಹಳೆಯ ವಾದ್ಯವೃಂದಗಳಲ್ಲಿ ನುಡಿಸಿ ನರೆತ ಕಲಾವಿದರು ಕೆಲವರು, ಅವರ ಮಕ್ಕಳ ವಯಸ್ಸಿನವರು ಕೆಲವರು ವೇದಿಕೆಯ ಮೇಲಿದ್ದರು. ಕೆಳಗೆ ಕಪ್ಪು ಜನ, ಬಿಳಿ ಜನ, ತಾತಂದಿರು, ಕಾಲೇಜು ಹುಡುಗಿಯರು ಎಲ್ಲರೂ ಒತ್ತಾಗಿ ನಿಂತಿದ್ದರು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಸಂಗೀತ ಆರಂಭವಾದಾಗ ಮೊದಲು ಅನುಭವಕ್ಕೆ ಬಂದದ್ದು ಧ್ವನಿಯಲ್ಲ, ಒತ್ತಡ. ಬೇಸ್ ಗಿಟಾರಿನ ನಾದ ನೆಲದಿಂದ ಕಾಲಿಗೆ, ಕಾಲಿನಿಂದ ಎದೆಗೂಡಿಗೆ ಏರಿತು. ಯಾರೋ ನನ್ನ ಎದೆಯೊಳಗೇ ಬಾಗಿಲು ತಟ್ಟುತ್ತಿರುವಂತೆ ಭಾಸವಾಯಿತು.

ಹಿರಿಯರು ಚಪ್ಪಾಳೆ ತಟ್ಟುವಂತೆ ಸನ್ನೆ ಮಾಡಿದರು. ತಟ್ಟಿದೆ. ನನ್ನ ಚಪ್ಪಾಳೆ ಇಡೀ ಸಭೆಗಿಂತ ಒಂದು ಹೆಜ್ಜೆ ಹಿಂದೆ ಬೀಳುತ್ತಿತ್ತು. ಎಣಿಸಿ ತಟ್ಟಲು ನೋಡಿದೆ, ಇನ್ನೂ ಕೆಟ್ಟಿತು. ಆಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಆವರ್ತಕ್ಕೊಮ್ಮೆ ಮೆಲ್ಲಗೆ ಒತ್ತತೊಡಗಿದರು.

“ಎಣಿಸಬೇಡಿ ಫಾದರ್. ‘ಒಂದು’ ಬರುವುದನ್ನು ಕಾಯಿರಿ, ಸಾಕು.”

“ಅದು ತಪ್ಪಿಹೋದರೆ?”

“ಮತ್ತೆ ಬರುತ್ತದೆ. ಅದು ಯಾರನ್ನೂ ಕೈಬಿಡುವುದಿಲ್ಲ.”

ಒಂದು ಹಾಡು ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ನಡೆಯಿತು. ಮುಖ್ಯ ಗಾಯಕ ಒಂದು ಸಾಲು ಕೂಗಿದರೆ ಸಭೆ ಮರುಸಾಲು ಕೂಗುತ್ತಿತ್ತು. ನಡುವೆ ಅವನು ಕೈಸನ್ನೆಯಿಂದ ವಾದ್ಯಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದ. ತುತ್ತೂರಿಗಳು ನಿಂತವು, ಗಿಟಾರ್ ನಿಂತಿತು, ಕೊನೆಗೆ ಡ್ರಮ್ಮೂ ನಿಂತಿತು. ಉಳಿದದ್ದು ಸಭೆಯ ಚಪ್ಪಾಳೆ ಮಾತ್ರ. ಸಂಗೀತ ಕೇಳಲು ಬಂದ ನಾವೇ ಆ ಕ್ಷಣದಲ್ಲಿ ಸಂಗೀತವಾಗಿದ್ದೆವು. ಮನೆಯಲ್ಲಿ ಕುಳಿತು ಕೇಳುವ ಧ್ವನಿಮುದ್ರಣಕ್ಕೂ ಎದುರಿಗೆ ನಿಂತು ಕೇಳುವ ಕಚೇರಿಗೂ ಇರುವ ಅಂತರ ನನಗೆ ಅಲ್ಲಿ ತಿಳಿಯಿತು. 1962ರ ಅಕ್ಟೋಬರ್ 24ರಂದು ನ್ಯೂಯಾರ್ಕಿನ ಅಪೊಲೊ ರಂಗಮಂದಿರದಲ್ಲಿ ನಡೆದ ತಮ್ಮ ಕಚೇರಿಯನ್ನು ಧ್ವನಿಮುದ್ರಿಸಲು ಕಿಂಗ್ ಸಂಸ್ಥೆಯ ಒಡೆಯರು ಹಣ ಕೊಡಲೊಪ್ಪದಿದ್ದಾಗ ಜೇಮ್ಸ್ ಬ್ರೌನ್ ಸ್ವಂತ ಹಣ ಸುರಿದರಂತೆ. ಹಳೆಯ ಹಾಡುಗಳನ್ನೇ ಮತ್ತೊಮ್ಮೆ ಯಾರು ಕೊಳ್ಳುತ್ತಾರೆ ಎಂಬುದು ಒಡೆಯರ ಶಂಕೆ. ಆದರೆ ಮರುವರ್ಷ ಹೊರಬಂದ ಆ ಮುದ್ರಣ ಅಪಾರ ಜನಪ್ರಿಯವಾಯಿತು. ಅದರಲ್ಲಿ ಸಭಿಕರ ಕೂಗು, ನಿಟ್ಟುಸಿರುಗಳೂ ಒಂದು ವಾದ್ಯವೇ ಆಗಿಬಿಟ್ಟಿದ್ದವು.

ಇಷ್ಟೆಲ್ಲದರ ನಡುವೆ ನಾನು ಕಂಡ ಒಂದು ಸಣ್ಣ ಸಂಗತಿ ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ನಮ್ಮಿಂದ ಸ್ವಲ್ಪ ದೂರದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಮಹಿಳೆ ಇದ್ದರು. ಎಲ್ಲರೂ ನಿಂತಿದ್ದರಿಂದ ಅವರಿಗೆ ವೇದಿಕೆ ಕಾಣುತ್ತಿರಲಿಲ್ಲ. ಹಿರಿಯರು ಕಣ್ಣು ಅರೆಮುಚ್ಚಿ, ನೋಯುವ ಕಾಲನ್ನೂ ಲೆಕ್ಕಿಸದೆ ಹೆಜ್ಜೆ ಹಾಕುತ್ತಿದ್ದವರು, ಹೆಜ್ಜೆ ತಪ್ಪಿಸದೆಯೇ ಮುಂದಕ್ಕೆ ಸರಿದು ಇಬ್ಬರು ತರುಣರ ಹೆಗಲನ್ನು ಮುಟ್ಟಿ ಏನೋ ಹೇಳಿದರು. ಆ ತರುಣರೂ ಕುಣಿಯುತ್ತಲೇ ಅತ್ತಿತ್ತ ಸರಿದರು. ಅವರ ಮುಂದಿನವರೂ ಸರಿದರು. ಆಕೆಯಿಂದ ವೇದಿಕೆಯವರೆಗೆ ಒಂದು ಓಣಿಯೇ ತೆರೆದುಕೊಂಡಿತು. ತಾಳ ಒಂದು ಕ್ಷಣವೂ ನಿಲ್ಲಲಿಲ್ಲ.

ಅವರನ್ನು ಅದೇ ಕೆಲಸ ಮಾಡುವುದನ್ನು ನಾನು ಪ್ರತಿ ಭಾನುವಾರ ದೇವಾಲಯದ ಬಾಗಿಲಲ್ಲಿ ನೋಡುತ್ತಿದ್ದೆ. ಆದರೆ ಅಲ್ಲಿ ಅವರು ಎಚ್ಚರದಲ್ಲಿದ್ದಾರೆಂದೂ ಇಲ್ಲಿ ಮೈಮರೆತಿದ್ದಾರೆಂದೂ ನಾನು ಎಣಿಸಿದ್ದೆ.

ಕಣ್ಣು ಮುಚ್ಚಿಕೊಂಡವನ ಕಥೆ

ಜನಸಂದಣಿಯ ಕುರಿತ ನನ್ನ ಅಂಜಿಕೆ ಆಧಾರವಿಲ್ಲದ್ದೇನಲ್ಲ. ಸಂತ ಅಗಸ್ಟೀನರು ‘ಕನ್ಫೆಷನ್ಸ್’ ಎಂಬ ತಮ್ಮ ಆತ್ಮಕಥನದ ಆರನೆಯ ಭಾಗದಲ್ಲಿ ತಮ್ಮ ಗೆಳೆಯ ಅಲಿಪಿಯುಸ್‌ನ ಕಥೆಯನ್ನು ಹೇಳುತ್ತಾರೆ. ರೋಮ್ ನಗರದಲ್ಲಿ ಮನುಷ್ಯರು ಮನುಷ್ಯರನ್ನು ಕೊಲ್ಲುವ ಕ್ರೂರ ಪಂದ್ಯಗಳನ್ನು ಕಂಡರೆ ಅವನಿಗೆ ಜಿಗುಪ್ಸೆ. ಸ್ನೇಹಿತರು ಒಂದು ದಿನ ಬಲವಂತದಿಂದ ಎಳೆದೊಯ್ದರು. ದೇಹ ಅಲ್ಲಿದ್ದರೂ ಮನಸ್ಸು ಅಲ್ಲಿರದು ಎಂಬ ಭರವಸೆಯಿಂದ ಅವನು ಕಣ್ಣು ಮುಚ್ಚಿ ಕುಳಿತ. ಆದರೆ ಕಿವಿ ಮುಚ್ಚಿಕೊಂಡಿರಲಿಲ್ಲ. ಜನರ ಒಂದು ಆರ್ಭಟಕ್ಕೆ ಕುತೂಹಲ ತಡೆಯದೆ ಕಣ್ಣು ತೆರೆದ. ನೆತ್ತರನ್ನು ಕಂಡವನು ಮುಖ ತಿರುಗಿಸಲಿಲ್ಲ; ಅದನ್ನೇ ಕುಡಿದವನಂತೆ ಅಮಲೇರಿ ಕೂಗತೊಡಗಿದ. ಬಂದಾಗ ಇದ್ದ ಅಲಿಪಿಯುಸ್ ಅಲ್ಲಿ ಉಳಿದಿರಲಿಲ್ಲ. ಅವನು ಗುಂಪಿನಲ್ಲಿ ಒಬ್ಬನಾಗಿಬಿಟ್ಟಿದ್ದ.

1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಬಾನ್ ಜನಸಂದಣಿಯ ಮನಶ್ಶಾಸ್ತ್ರವನ್ನು ಬರೆದಾಗ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಗುಂಪಿನೊಳಗೆ ಸೇರಿದ ವ್ಯಕ್ತಿ ತನ್ನ ವಿವೇಚನೆಯನ್ನೂ ಹೊಣೆಗಾರಿಕೆಯನ್ನೂ ಕಳೆದುಕೊಳ್ಳುತ್ತಾನೆ. ಆದರೆ 1912ರಲ್ಲಿ ಅದೇ ದೇಶದ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ ಇನ್ನೊಂದು ಮಗ್ಗುಲನ್ನು ತೋರಿಸಿದರು. ಜನರು ಒಟ್ಟುಗೂಡಿ ಹಾಡಿ ಕುಣಿಯುವಾಗ ಉಕ್ಕುವ ಸಾಮೂಹಿಕ ಚೈತನ್ಯವೇ ಮನುಷ್ಯರನ್ನು ತಮ್ಮ ಸಣ್ಣತನದಿಂದ ಮೇಲೆತ್ತಿ ಸಮಾಜವಾಗಿ ಬೆಸೆಯುತ್ತದೆ ಎಂದರು. ಇಬ್ಬರಲ್ಲಿ ಯಾರ ಮಾತು ನಿಜ?

ಇಬ್ಬರದೂ ನಿಜವೆಂದೇ ನನಗೆ ತೋರುತ್ತದೆ. ಕಾಡಿನ ಬೆಂಕಿಯೂ ಒಲೆಯ ಬೆಂಕಿಯೂ ಒಂದೇ ಬೆಂಕಿ. ಗುಂಪಿನ ಶಾಖ ನಮ್ಮನ್ನು ಸುಡುತ್ತಿದೆಯೋ, ನಮಗೆ ಅನ್ನ ಬೇಯಿಸುತ್ತಿದೆಯೋ ಎಂಬುದನ್ನು ಅರಿಯುವ ಬಗೆ ಯಾವುದು ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಫಂಕ್ ಸಂಗೀತದ ಇತಿಹಾಸದ ಒಂದು ರಾತ್ರಿಯಲ್ಲಿ ಅಡಗಿದೆ.

ಬಾಸ್ಟನ್ ನಗರದ ಆ ರಾತ್ರಿ

1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಅಮೆರಿಕದ ನೂರಕ್ಕೂ ಹೆಚ್ಚು ನಗರಗಳಲ್ಲಿ ದುಃಖ ರೋಷವಾಗಿ, ರೋಷ ಬೆಂಕಿಯಾಗಿ ಹೊತ್ತಿಕೊಂಡಿತು. ಮರುದಿನ ಬಾಸ್ಟನ್ ನಗರದ ಬೃಹತ್ ಕ್ರೀಡಾಂಗಣವಾದ ಬಾಸ್ಟನ್ ಗಾರ್ಡನ್‌ನಲ್ಲಿ ಜೇಮ್ಸ್ ಬ್ರೌನ್ ಅವರ ಕಚೇರಿ ನಿಗದಿಯಾಗಿತ್ತು. ಅದನ್ನು ರದ್ದುಗೊಳಿಸುವುದೇ ಕ್ಷೇಮವೆಂದು ಹಲವರಿಗೆ ಅನಿಸಿತು. ನಗರಸಭೆಯ ಕಪ್ಪು ಸದಸ್ಯ ಟಾಮ್ ಅಟ್ಕಿನ್ಸ್ ಮಾತ್ರ ಬೇರೆ ರೀತಿ ಯೋಚಿಸಿದರು: ಬಾಗಿಲಿಗೆ ಬಂದ ಸಾವಿರಾರು ತರುಣರನ್ನು ಹಿಂದಕ್ಕೆ ಅಟ್ಟಿದರೆ ಅವರು ಎಲ್ಲಿಗೆ ಹೋಗುತ್ತಾರೆ? ಮೇಯರ್ ಕೆವಿನ್ ವೈಟ್ ಒಪ್ಪಿದರು. ಕಚೇರಿ ನಡೆಯಲಿ, ಸಾರ್ವಜನಿಕ ದೂರದರ್ಶನ ವಾಹಿನಿ ಅದನ್ನು ನೇರವಾಗಿ ಬಿತ್ತರಿಸಲಿ, ಜನ ಮನೆಯಲ್ಲಿಯೇ ಕುಳಿತು ನೋಡಲಿ ಎಂದು ತೀರ್ಮಾನವಾಯಿತು. ಹದಿನಾಲ್ಕು ಸಾವಿರ ಜನ ಹಿಡಿಸುವ ಸ್ಥಳಕ್ಕೆ ಬಂದವರು ಸುಮಾರು ಎರಡು ಸಾವಿರ.

ಕಚೇರಿಯ ಕೊನೆಯ ಭಾಗದಲ್ಲಿ ಕೆಲವು ತರುಣರು ವೇದಿಕೆಯನ್ನು ಏರತೊಡಗಿದರು. ಪೊಲೀಸರು ಅವರನ್ನು ಕೆಳಗೆ ತಳ್ಳಿದರು. ಆ ರಾತ್ರಿಯ ಉದ್ವೇಗದಲ್ಲಿ ಅಷ್ಟೇ ಸಾಕಾಗಿತ್ತು. ಬ್ರೌನ್ ಸಂಗೀತವನ್ನು ನಿಲ್ಲಿಸಿದರು. ಪೊಲೀಸರನ್ನು ಹಿಂದೆ ಸರಿಯುವಂತೆ ಕೇಳಿಕೊಂಡರು. ಬಳಿಕ ತಮ್ಮ ಸುತ್ತ ಮುತ್ತಿಕೊಂಡಿದ್ದ ತರುಣರತ್ತ ತಿರುಗಿ, ನೀವು ಹೀಗೆ ಮಾಡಿದರೆ ನನಗೂ ಮರ್ಯಾದೆಯಿಲ್ಲ, ನಿಮಗೂ ಇಲ್ಲ, ನಮ್ಮ ಜನರಿಗೂ ಇಲ್ಲ ಎಂಬರ್ಥದ ಮಾತುಗಳನ್ನು ಹೇಳಿದರು. ತರುಣರು ಕೆಳಗಿಳಿದರು. ಡ್ರಮ್ ಮತ್ತೆ ಆರಂಭವಾಯಿತು. ಅನೇಕ ನಗರಗಳು ಉರಿದ ಆ ರಾತ್ರಿ ಬಾಸ್ಟನ್ ಬಹುಮಟ್ಟಿಗೆ ಶಾಂತವಾಗಿತ್ತು.

ಒಬ್ಬ ಗಾಯಕ ನಗರವನ್ನು ಉಳಿಸಿದನೆಂದು ಹೇಳುವುದು ಅತಿಶಯೋಕ್ತಿಯಾದೀತು. ನನ್ನ ಗಮನ ಸೆಳೆಯುವುದು ಇಷ್ಟೇ. ಅದೇ ಜನ, ಅದೇ ಶಾಖ, ಅದೇ ತಾಳ. ಒಂದು ಕ್ಷಣದಲ್ಲಿ ಅದು ದೊಂಬಿಯಾಗಬಹುದಿತ್ತು. ಹಾಗಾಗದಂತೆ ತಡೆದದ್ದು ಬಲಪ್ರಯೋಗವಲ್ಲ, ಮುಖ ನೋಡಿ ಆಡಿದ ಮಾತು. ‘ಗುಂಪು’ ಎಂದು ಅಟ್ಟಿಸಿಕೊಂಡವರು ‘ನೀವು’ ಎಂದು ಕರೆಸಿಕೊಂಡಾಗ ತಮ್ಮ ಮೈಯನ್ನು ತಿಳಿದು ನಿಂತರು. ಮುಖ ಮರೆಯಾದಲ್ಲಿ ಜನ ಸಂದಣಿಯಾಗುತ್ತಾರೆ. ಮುಖ ಕಂಡಲ್ಲಿ ಅದೇ ಜನ ಸಮುದಾಯವಾಗುತ್ತಾರೆ. ರೋಮ್ ನಗರದ ಅಖಾಡದಲ್ಲಿ ಅಲಿಪಿಯುಸ್‌ಗೆ ನೆತ್ತರು ಕಂಡಿತು, ಸಾಯುತ್ತಿದ್ದವನ ಮುಖ ಕಾಣಲಿಲ್ಲ. ಸಿನ್ಸಿನಾಟಿಯ ಸಭಾಂಗಣದಲ್ಲಿ ನಮ್ಮ ಹಿರಿಯರಿಗೆ ಗಾಲಿಕುರ್ಚಿಯಲ್ಲಿದ್ದವರ ಮುಖ ಕಂಡಿತು.

ಆನಂದದ ಋಣ

ಹಾಗೆಂದು ಈ ಸಂಗೀತಲೋಕವನ್ನು ಸ್ವರ್ಗವೆಂದು ಬಣ್ಣಿಸುವುದೂ ಸಲ್ಲದು. ಜೇಮ್ಸ್ ಬ್ರೌನ್ ಸಂತರೇನಲ್ಲ. ಅವರ ಮನೆವಾರ್ತೆಯಲ್ಲಿ ಹಿಂಸೆಯಿತ್ತು. ಅವರು ಸೆರೆಮನೆಯನ್ನೂ ಕಂಡರು. ಒಂದು ಸ್ವರ ತಪ್ಪಿದರೆ, ಪಾದರಕ್ಷೆಗೆ ಹೊಳಪಿಲ್ಲದಿದ್ದರೆ ತಮ್ಮ ವಾದ್ಯಗಾರರಿಗೆ ದಂಡ ಹಾಕುತ್ತಿದ್ದರು. 1970ರಲ್ಲಿ ಸಂಬಳದ ವಿಚಾರದಲ್ಲಿ ಬಹುತೇಕ ಮಂಡಳಿಯೇ ಅವರನ್ನು ಬಿಟ್ಟು ಹೋಯಿತು. ಸಭಿಕರು ಸಂಭ್ರಮಿಸಿದ ಆ ‘ಒಂದು’ ವೇದಿಕೆಯ ಮೇಲಿದ್ದವರಿಗೆ ಎಷ್ಟೋ ವೇಳೆ ಭಯದಿಂದ ಕಟ್ಟಿದ ಒಗ್ಗಟ್ಟಾಗಿತ್ತು.

ಬಾಸ್ಟನ್‌ನ ಆ ರಾತ್ರಿ ಬ್ರೌನ್ ಅವರ ಮಂಡಳಿಯಲ್ಲಿ ಡ್ರಮ್ ನುಡಿಸಿದವರಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರು. ಟೆನೆಸಿ ರಾಜ್ಯದ ಚಟ್ಟನೂಗಾ ಪಟ್ಟಣದಲ್ಲಿ ಹುಟ್ಟಿ, ಕಾರ್ಖಾನೆಯ ಯಂತ್ರಗಳ, ರೈಲುಗಳ ಸದ್ದಿನಿಂದ ತಾಳ ಕಲಿತೆನೆಂದು ಹೇಳಿಕೊಂಡವರು. 1969ರ ನವೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ಮುದ್ರಣಗೊಂಡ ‘ಫಂಕಿ ಡ್ರಮ್ಮರ್’ ಎಂಬ ಹಾಡಿನ ಕೊನೆಯಲ್ಲಿ ಬ್ರೌನ್ ಉಳಿದೆಲ್ಲ ವಾದ್ಯಗಳನ್ನು ನಿಲ್ಲಿಸಿ ಅವರೊಬ್ಬರಿಗೇ ಬಿಟ್ಟುಕೊಟ್ಟರು. ಸುಮಾರು ಇಪ್ಪತ್ತು ಸೆಕೆಂಡುಗಳ ಆ ತಾಳವನ್ನು ಮುಂದಿನ ಪೀಳಿಗೆಯ ರ‍್ಯಾಪ್ ಮತ್ತು ಪಾಪ್ ಸಂಗೀತಗಾರರು ಯಂತ್ರದಿಂದ ಕತ್ತರಿಸಿ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಳಸಿಕೊಂಡರು. ಹಾಡಿನ ಕರ್ತೃಗಳಲ್ಲಿ ಅವರ ಹೆಸರಿರಲಿಲ್ಲವಾದ್ದರಿಂದ ಅವರಿಗೆ ಗೌರವಧನವೂ ಸಲ್ಲಲಿಲ್ಲ. ಮೂತ್ರಕೋಶದ ಕ್ಯಾನ್ಸರಿನಿಂದ ಆಸ್ಪತ್ರೆಯ ಸಾಲ ಬೆಟ್ಟವಾಗಿ ಬೆಳೆದಾಗ ಅದರ ದೊಡ್ಡ ಪಾಲನ್ನು ತೀರಿಸಿದವರು ಪ್ರಖ್ಯಾತ ಗಾಯಕ ಪ್ರಿನ್ಸ್. ಅವರೂ ಸ್ಟಬಲ್‌ಫೀಲ್ಡರ ಅಭಿಮಾನಿ. ಈ ಸಂಗತಿ ಲೋಕಕ್ಕೆ ತಿಳಿದದ್ದು 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲೆ. ಮರುವರ್ಷ, 2017ರ ಫೆಬ್ರವರಿಯಲ್ಲಿ ಸ್ಟಬಲ್‌ಫೀಲ್ಡರೂ ಕಣ್ಮುಚ್ಚಿದರು.

ಅಭಿಮಾನಿ ಎಂದರೆ ಯಾರು? ನಮಗೆ ಆನಂದ ಕೊಟ್ಟವನನ್ನು ಕಂಡು ಕೂಗುವವನೇ? ಹಾಗಾದರೆ ಕೂಗು ಮುಗಿದೊಡನೆ ಋಣವೂ ಮುಗಿಯಿತು. ಆನಂದ ಕೊಟ್ಟ ಕೈಯನ್ನು ಮರುದಿನವೂ ನೆನೆಯುವವನು, ಆ ಕೈಗೆ ಇಂದು ಊಟವಿದೆಯೇ ಎಂದು ಕೇಳುವವನು ನಿಜವಾದ ಅಭಿಮಾನಿ. ಸಂತೋಷದ ಪರೀಕ್ಷೆ ನಡೆಯುವುದು ಸಂತೋಷದ ಗಳಿಗೆಯಲ್ಲಿ ಮಾತ್ರವಲ್ಲ, ಅದರ ಮರುದಿನ.

ಕಾಯಿಸದೆ ಉಳಿದ ತಮಟೆ

ಅಂದು ರಾತ್ರಿ ಕಾರಿನಲ್ಲಿ ಹಿಂತಿರುಗುವಾಗ ಹಿರಿಯರು ಬೆವರು ಒರೆಸಿಕೊಳ್ಳುತ್ತಾ ಒಂದು ಮಾತು ಹೇಳಿದರು. “ನಮ್ಮ ಪೂರ್ವಿಕರ ಕೈಯಿಂದ ಡೋಲನ್ನು ಕಸಿದುಕೊಂಡರು ಫಾದರ್. ಆಗ ಅವರು ಚಪ್ಪಾಳೆ ತಟ್ಟಿದರು, ತೊಡೆ ತಟ್ಟಿದರು, ನೆಲ ಗುದ್ದಿದರು. ಮೈಯೇ ಡೋಲಾಯಿತು. ನೀವು ಇಂದು ಕೇಳಿದ್ದು ಅದನ್ನೇ.”

ಇದು ಚರಿತ್ರೆಯ ಮಾತು. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತಾ ದಂಗೆಯೆದ್ದರು. ದಂಗೆಯನ್ನು ಅಡಗಿಸಿದ ಬಳಿಕ 1740ರಲ್ಲಿ ಅಲ್ಲಿನ ಆಳುವವರು ಮಾಡಿದ ಕಾನೂನು ಗುಲಾಮರು ಡೋಲು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಡೋಲಿಲ್ಲದ ಆ ಜನರ ಪ್ರಾರ್ಥನಾ ಕೂಟಗಳಲ್ಲಿ ಚಪ್ಪಾಳೆ, ಹೆಜ್ಜೆ, ಕೂಗು, ಮರುಕೂಗುಗಳು ಬೆಳೆದವು. ಅಲ್ಲಿಂದ ಗಾಸ್ಪೆಲ್ ಗಾನ, ಅದರಿಂದ ಸೋಲ್, ಅದರಿಂದ ಫಂಕ್. ಜೇಮ್ಸ್ ಬ್ರೌನ್ 1933ರಲ್ಲಿ ಹುಟ್ಟಿದ್ದು ಅದೇ ದಕ್ಷಿಣ ಕೆರೊಲಿನಾದಲ್ಲಿ. ನಾನು ದೇವಾಲಯಕ್ಕೆ ಹೊರಗಿನದೆಂದು ಅಂಜುತ್ತಾ ಹೋದ ಸಂಗೀತ ದೇವಾಲಯದ ಜಗಲಿಯಿಂದಲೇ ಎದ್ದು ಹೋದ ಮಗುವಾಗಿತ್ತು.

ಹಿರಿಯರ ಮಾತಿಗೆ ನಾನು ಉತ್ತರ ಕೊಡಲಿಲ್ಲ. ನನ್ನ ಮೌನಕ್ಕೆ ಬೇರೆ ಕಾರಣವಿತ್ತು.

ಗುರುವಾದ ಹೊಸದರಲ್ಲಿ, ನಮ್ಮ ನಾಡಿನ ಹಳ್ಳಿಯೊಂದರ ಧರ್ಮಕೇಂದ್ರದಲ್ಲಿ ನಾನಿದ್ದೆ. ಪಾಲಕ ಸಂತರ ಹಬ್ಬದ ಸಂಜೆ. ತೇರಿನ ಮೆರವಣಿಗೆ ಹೊರಡುವ ಮುನ್ನ ನಾಲ್ಕಾರು ಮಂದಿ ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸುತ್ತಿದ್ದರು. ನಮ್ಮ ಧರ್ಮಕೇಂದ್ರದವರೇ, ಕೇರಿಯ ಜನ. ಚರ್ಮ ಬಿಗಿಯಾಗಿ ಮೊದಲ ಪೆಟ್ಟು ಬಿದ್ದೊಡನೆ ಹುಡುಗರು ಕುಣಿಯತೊಡಗಿದರು. ಗುರುಮನೆಯ ಕಿಟಕಿಯಿಂದ ಅದನ್ನು ಕಂಡ ನಾನು ಕೆಳಗಿಳಿದು ಹೋಗಿ, “ಇದು ಪವಿತ್ರವಾದ ಮೆರವಣಿಗೆ. ಈ ಕುಣಿತ ಬೇಡ, ತಮಟೆಯೂ ಬೇಡ” ಎಂದೆ. ಅವರಲ್ಲಿ ಹಿರಿಯವರೊಬ್ಬರು ನನ್ನ ಮುಖವನ್ನು ನೋಡಿದರು. “ಆಯ್ತು ಸ್ವಾಮಿ” ಎಂದರು. ಬೆಂಕಿಯನ್ನು ಕಾಲಿನಿಂದ ಆರಿಸಿ, ಬಿಸಿಯಾಗಿದ್ದ ತಮಟೆಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದರು. ಮೆರವಣಿಗೆ ಪಟ್ಟಣದಿಂದ ಬಂದ ಬ್ಯಾಂಡಿನೊಂದಿಗೆ ಶಿಸ್ತಿನಿಂದ ನಡೆಯಿತು. ಅಂದು ನಾನು ದೇವರ ಗೌರವವನ್ನು ಕಾಪಾಡಿದೆನೆಂದೇ ಭಾವಿಸಿದೆ.

ನನಗೆ ತಿಳಿಯದೆ ಆದದ್ದೆಂದು ಹೇಳಲಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ದೈವಾರಾಧನೆಯ ಕುರಿತು ಹೊರಡಿಸಿದ ಶಾಸನದಲ್ಲಿ ಆಯಾ ಜನರ ಸಂಗೀತ ಪರಂಪರೆಗೆ ಸಲ್ಲಬೇಕಾದ ಮನ್ನಣೆಯ ಬಗ್ಗೆ ಹೇಳಿತ್ತು. ಅದನ್ನು ಓದಿ ನಾನು ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ಮಂಜೂಷದ ಮುಂದೆ ಕುಣಿದ ದಾವೀದನನ್ನು ಕಿಟಕಿಯಿಂದ ಕಂಡು ಮನಸ್ಸಿನಲ್ಲೇ ಹೀಯಾಳಿಸಿದ ಮೀಕಲಳ ಕಥೆಯ ಮೇಲೆ ಪ್ರಸಂಗವನ್ನೂ ಮಾಡಿದ್ದೆ. ಆದರೆ ನಾನು ನಿಂತಿದ್ದುದೂ ಒಂದು ಕಿಟಕಿಯ ಬಳಿಯಲ್ಲಿಯೇ ಎಂಬುದು ಹೊಳೆದಿರಲಿಲ್ಲ. ಆ ಕುಣಿತದಲ್ಲಿ ನನಗೆ ಕಂಡದ್ದು ಒಂದು ಗುಂಪು, ಒಂದು ಗದ್ದಲ. ಒಬ್ಬೊಬ್ಬರ ಮುಖ ಕಾಣಲಿಲ್ಲ. ಹಾಗಾದರೆ ಅಂದು ಮೈಮರೆತವರು ಯಾರು? ಕುಣಿದ ಹುಡುಗರೇ, ಅಲುಗಾಡದೆ ನಿಂತ ನಾನೇ?

ಅಮೆರಿಕದಿಂದ ಮರಳಿದ ಬಳಿಕ ಆ ಹಳ್ಳಿಗೆ ಹೋದೆ. ಹಿರಿಯರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಮಗ ಚಾಪೆ ಹಾಸಿ ಕೂರಿಸಿ, ಚಹಾ ಕೊಟ್ಟರು. ನಾನು ಬಂದ ಕಾರಣವನ್ನು ಹೇಳಿ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ನೆಲ ನೋಡುತ್ತಿದ್ದು ಹೇಳಿದರು: “ಅಪ್ಪ ಆ ಬಗ್ಗೆ ಯಾವತ್ತೂ ಏನೂ ಅಂದಿಲ್ಲ ಸ್ವಾಮಿ. ಪೂಜೆಗೆ ತಪ್ಪಿಸ್ತಾ ಇರ್ಲಿಲ್ಲ. ಆದ್ರೆ ಆಮೇಲೆ ಹಬ್ಬಕ್ಕೆ ಅವರು ತಮಟೆ ಕಾಯಿಸಲಿಲ್ಲ.”

ಗೋಡೆಯ ಮೇಲೆ ಆ ತಮಟೆ ತೂಗುತ್ತಿತ್ತು. ಚರ್ಮ ಸಡಿಲಾಗಿತ್ತು.

ಹಬ್ಬ, ಜಾತ್ರೆ, ಮದುವೆ, ಸಂಗೀತ ಕಚೇರಿ, ಕ್ರಿಕೆಟ್ ಪಂದ್ಯ ಎಲ್ಲಿಯೇ ಆಗಲಿ, ನಾವು ಹಲವರೊಡನೆ ಸೇರಿ ಸಂತೋಷಪಡುವವರೇ. ನಮ್ಮ ಮಕ್ಕಳು ಯಾವ ಸಂಗೀತಕ್ಕೆ ಕುಣಿಯುತ್ತಾರೆಂದು ಚಿಂತಿಸುವ ತಂದೆತಾಯಿಯರೂ ಈ ಪುಟಗಳನ್ನು ಓದುತ್ತಿದ್ದೀರಿ. ಆ ಸಂಗೀತ ಎಷ್ಟು ಗಟ್ಟಿಯಾಗಿದೆ, ಮೈ ಎಷ್ಟು ಕುಣಿಯಿತು ಎಂಬುದರಿಂದ ನಾವು ತೀರ್ಪು ಕೊಡುವುದು ಬೇಡ. ಎರಡು ಪ್ರಶ್ನೆಗಳು ಸಾಕು. ಆ ಸಂತೋಷದ ನಡುವೆ ಪಕ್ಕದಲ್ಲಿದ್ದವನ ಮುಖ ಕಂಡಿತೇ? ಮರುದಿನ ಅವನ ನೆನಪು ಉಳಿಯಿತೇ? ಹೌದೆಂದಾದರೆ ಅದು ಮೈಮರೆವಲ್ಲ, ಮೈತಿಳಿವು. ಇಲ್ಲವೆಂದಾದರೆ ಅಲುಗಾಡದೆ ನಿಂತು ಹಾಡಿದ ಸ್ತುತಿಗೀತೆಯೂ ಬರಿಯ ಮೈಮರೆವೇ.

ಈ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳುವ ಮೊದಲು ನಮಗೆ ನಾವೇ ಕೇಳಿಕೊಳ್ಳೋಣ. ನನ್ನ ಪಾಲಿಗೆ ಅವು ತಡವಾಗಿ ಬಂದವು. ‘ಒಂದು’ ಯಾರನ್ನೂ ಕೈಬಿಡುವುದಿಲ್ಲ, ಮತ್ತೆ ಬರುತ್ತದೆ ಎಂದು ಆ ಹಿರಿಯರು ಹೇಳಿದ್ದರು. ನನಗೂ ಅದು ಮತ್ತೆ ಬಂತು. ಆದರೆ ಅದು ಬರುವಷ್ಟರಲ್ಲಿ ತಮಟೆ ಹಿಡಿದಿದ್ದ ಕೈಗಳು ಇರಲಿಲ್ಲ.